ಹೊದಿಕೆಯಾಚೆಯ ಸೂರ್ಯ



ಓದುಗ ತಾಯಿಯೊಬ್ಬರು ಬರೆದ ಕಾಗದವೊಂದು ಈ ತಿಂಗಳ ಅಂಕಣಕ್ಕೆ ಪ್ರೇರಣೆಯಾಗಿದೆ. ಅವರ ಮನೆಯಲ್ಲಿ ಏಳನೆಯ ತರಗತಿಯಲ್ಲಿ ಓದುವ ಮೊಮ್ಮಗಳಿದ್ದಾಳೆ. ಸೂರ್ಯನನ್ನು ನೋಡುವುದಕ್ಕಾಗಿ ನಮ್ಮ ದೇಶದ ಆದಿತ್ಯ-ಎಲ್1 ಎಂಬ ನೌಕೆಯು 15 ಲಕ್ಷ ಕಿಲೋಮೀಟರು ದೂರ ಹೋಗಿ ನೆಲೆಸಿದೆಯೆಂದು ಆ ಬಾಲೆ ಅಜ್ಜಿಗೆ ಹೇಳಿದಳಂತೆ. ಅಜ್ಜಿ ಕೇಳುತ್ತಾರೆ: "ಸೂರ್ಯನು ಬೆಳಗಾದರೆ ನಮ್ಮ ಅಂಗಳಕ್ಕೇ ಬರುತ್ತಾನೆ. ಆತನನ್ನು ನೋಡಲು ಅಷ್ಟು ದೂರ ಏಕೆ ಹೋಗಬೇಕು? ಸೂರ್ಯನಿರುವುದು 15 ಕೋಟಿ ಕಿಲೋಮೀಟರು ದೂರದಲ್ಲಿ ಎನ್ನುತ್ತಾರೆ. ಅದರಲ್ಲಿ 15 ಲಕ್ಷ ಹೋದರೆ ನೂರರಲ್ಲಿ ಒಂದು ಪಾಲು ಹೋದಂತಾಯಿತು. ಅಷ್ಟರಿಂದ ಏನು ಹತ್ತಿರವಾಯಿತು?"

ತಾಯಿಯವರ ಲೆಕ್ಕ ಸರಿಯಾಗಿದೆ, ಪ್ರಶ್ನೆಯೂ ಸರಿಯಾಗಿದೆ. ನೂರು ಹೆಜ್ಜೆಯ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟವನು ಹತ್ತಿರವಾದನೆಂದು ಯಾರೂ ಹೇಳಲಾರರು. ಆದರೆ ಆ ಒಂದು ಹೆಜ್ಜೆಯು ಮನೆಯ ಹೊಸ್ತಿಲನ್ನು ದಾಟುವ ಹೆಜ್ಜೆಯಾಗಿದ್ದರೆ ಅದರ ಬೆಲೆಯೇ ಬೇರೆ. ನೌಕೆಯು ಹೋದದ್ದು ಸೂರ್ಯನ ಸಮೀಪಕ್ಕಲ್ಲ, ನಮ್ಮ ಮನೆಯ ಹೊರಕ್ಕೆ. ಭೂಮಿಯೆಂಬ ಈ ಮನೆಗೆ ಎರಡು ಹೊದಿಕೆಗಳಿವೆ. ಒಂದು ಗಾಳಿಯದು, ಇನ್ನೊಂದು ಕಾಂತಶಕ್ತಿಯದು. ಅವೆರಡೂ ನಮ್ಮನ್ನು ಕಾಯುತ್ತವೆ. ಕಾಯುವ ಕಾರಣದಿಂದಲೇ ಹೊರಗಿನ ಬಹುಭಾಗವನ್ನು ನಮ್ಮಿಂದ ಮರೆಮಾಡುತ್ತವೆ. ಸೂರ್ಯನ ನಿಜಸ್ವರೂಪವನ್ನಷ್ಟೇ ಅಲ್ಲ, ನಮ್ಮ ಮನೆಯ ಹೊದಿಕೆ ಎಂತಹುದೆಂಬುದನ್ನೂ ಅರಿಯಬೇಕಾದರೆ ಒಮ್ಮೆ ಹೊರಗೆ ನಿಂತು ನೋಡಲೇಬೇಕು.

ಗಾಳಿಯ ಮರೆ

ಸೂರ್ಯನಿಂದ ಹೊರಡುವ ಬೆಳಕಿನಲ್ಲಿ ನಮ್ಮ ಕಣ್ಣಿಗೆ ನಿಲುಕುವುದು ಒಂದು ಪಾಲು ಮಾತ್ರ. ಚರ್ಮವನ್ನು ಸುಡುವ ಅತಿನೇರಿಳೆ ಕಿರಣಗಳನ್ನೂ, ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯಲು ಬಳಸುವಂತಹ ಕ್ಷ-ಕಿರಣಗಳನ್ನೂ ಸೂರ್ಯನು ಸೂಸುತ್ತಾನೆ. ಕ್ಷ-ಕಿರಣಗಳು ವಾತಾವರಣದ ಮೇಲ್ಪದರಗಳಲ್ಲಿಯೇ ಹೀರಲ್ಪಡುತ್ತವೆ. ಅತಿನೇರಿಳೆಯ ಬಹುಭಾಗವನ್ನು ಓಝೋನ್ ಪದರವು ತಡೆಯುತ್ತದೆ. ಹೀಗೆ ತಡೆಯದೆ ಹೋಗಿದ್ದರೆ ನೆಲದ ಮೇಲೆ ಜೀವಿಗಳು ಬಾಳುವುದು ದುಸ್ತರವಾಗುತ್ತಿತ್ತು. ಆದರೆ ಖಗೋಳ ವಿಜ್ಞಾನಿಗೆ ಈ ಉಪಕಾರವೇ ಅಡ್ಡಿಯಾಯಿತು. ಅತ್ಯಂತ ಬಿಸಿಯಾದ ವಸ್ತುಗಳು ತಮ್ಮ ಸಮಾಚಾರವನ್ನು ಕಳುಹುವುದು ಈ ಕಿರಣಗಳ ಮೂಲಕವೇ. ಆ ಓಲೆಗಳು ನಮ್ಮ ಬಾಗಿಲಿಗೆ ಬಾರದೆ ಮೇಲೆಯೇ ಉಳಿಯುತ್ತಿದ್ದವು.

ಗಾಳಿಯು ಮಾಡುವ ಇನ್ನೊಂದು ಮರೆಯುಂಟು. ಹಗಲಿನ ಆಕಾಶವು ನೀಲಿಯಾಗಿ ಬೆಳಗುವುದು ಗಾಳಿಯು ಬಿಸಿಲನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ. ಸೂರ್ಯಬಿಂಬದ ಸುತ್ತ ಮುತ್ತಿನ ಬಣ್ಣದ ತೆಳುವಾದ ಪ್ರಭೆಯೊಂದು ಲಕ್ಷಾಂತರ ಕಿಲೋಮೀಟರು ಹರಡಿಕೊಂಡಿದೆ. ಇದಕ್ಕೆ ಕರೋನಾ ಅಥವಾ ಸೌರಕಿರೀಟವೆಂದು ಹೆಸರು. ಇದರ ಹೊಳಪು ಬಿಂಬದ ಹೊಳಪಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ನೀಲಿಯಾಕಾಶದ ಬೆಳಕಿನಲ್ಲಿ ಅದು ಪೂರ್ಣವಾಗಿ ಮುಳುಗಿಹೋಗುತ್ತದೆ. ಚಂದ್ರನು ಬಿಂಬವನ್ನು ಮುಚ್ಚಿದ ಪೂರ್ಣಗ್ರಹಣದ ಕೆಲವೇ ನಿಮಿಷಗಳಲ್ಲಿ ಮಾತ್ರ ಅದು ಬರಿಗಣ್ಣಿಗೆ ಗೋಚರಿಸುತ್ತದೆ.

ಆದುದರಿಂದಲೇ ಹಿಂದಿನ ವಿಜ್ಞಾನಿಗಳು ಗ್ರಹಣವನ್ನು ಅರಸಿಕೊಂಡು ದೇಶಾಂತರ ಅಲೆದರು. 1868ರ ಆಗಸ್ಟ್ 18ರ ಗ್ರಹಣವನ್ನು ನೋಡಲು ಫ್ರಾನ್ಸ್ ದೇಶದ ಪಿಯೆರ್ ಜಾನ್ಸೆನ್ ಆಂಧ್ರದ ಗುಂಟೂರಿಗೆ ಬಂದರು. ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ನೋಡಿದರು. ಅಂತಹ ಬೆಳಕಿನಲ್ಲಿ ಆ ವರ್ಷ ಕಂಡುಬಂದ ಹಳದಿ ಗೆರೆಯೊಂದು ನೆಲದ ಮೇಲಿನ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅದನ್ನು ಹೊಸ ವಸ್ತುವೆಂದು ಸಾರಿದರು. ಗ್ರೀಕ್ ಭಾಷೆಯಲ್ಲಿ ಸೂರ್ಯನ ಹೆಸರಾದ 'ಹೀಲಿಯೋಸ್' ಎಂಬುದರಿಂದ ಅದಕ್ಕೆ ಹೀಲಿಯಂ ಎಂಬ ಹೆಸರು ಬಂದಿತು. ಅದೇ ವಸ್ತುವು ಭೂಮಿಯ ಮೇಲೆ ದೊರೆತದ್ದು 1895ರಲ್ಲಿ.

ಮರುವರ್ಷ, ಎಂದರೆ 1869ರಲ್ಲಿ, ಅಮೆರಿಕದಲ್ಲಿ ಕಂಡ ಗ್ರಹಣದಲ್ಲಿ ಕಿರೀಟದ ಬೆಳಕಿನೊಳಗೆ ಹಸಿರು ಗೆರೆಯೊಂದು ಸಿಕ್ಕಿತು. ಅದನ್ನೂ ಹೊಸ ವಸ್ತುವೆಂದೇ ಭಾವಿಸಿ ಕರೋನಿಯಂ ಎಂದು ಹೆಸರಿಟ್ಟರು. ಈ ಸಲ ಊಹೆ ತಪ್ಪಿತ್ತು. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಎಂಬ ವಿದ್ವಾಂಸರ ಶ್ರಮದಿಂದ ಅದು ನಮ್ಮ ಕುಡುಗೋಲು ನೇಗಿಲುಗಳ ಕಬ್ಬಿಣವೇ ಎಂದು ತಿಳಿಯಿತು. ಆದರೆ ಅದು ಎಂತಹ ಕಬ್ಬಿಣ! ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನುಗಳಿರುತ್ತವೆ. ಕಿರೀಟದ ಕಬ್ಬಿಣವು ಅವುಗಳಲ್ಲಿ ಸರಿಯಾಗಿ ಅರ್ಧದಷ್ಟನ್ನು, ಎಂದರೆ 13ನ್ನು ಕಳೆದುಕೊಂಡಿತ್ತು. ಹಾಗಾಗಬೇಕಾದರೆ ಅಲ್ಲಿಯ ಉಷ್ಣತೆಯು ಹತ್ತು ಲಕ್ಷ ಡಿಗ್ರಿಗೂ ಮಿಗಿಲಾಗಿರಬೇಕು.

ಇಲ್ಲಿ ಒಂದು ಒಗಟು ಹುಟ್ಟಿತು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಂಟಿಗ್ರೇಡ್ ಮಾತ್ರ. ಒಲೆಯಿಂದ ದೂರ ಸರಿದಂತೆ ಶಾಖ ಕಡಿಮೆಯಾಗುವುದು ಲೋಕಾನುಭವ. ಸೂರ್ಯನಲ್ಲಿಯಾದರೋ ಒಲೆಗಿಂತ ಒಲೆಯ ಮೇಲಣ ಗಾಳಿಯು ನೂರಾರು ಪಟ್ಟು ಬಿಸಿ! ಸೂರ್ಯನ ಒಳಗಿನಿಂದೇಳುವ ಕಾಂತಶಕ್ತಿಯು ತಿರುಚಿಕೊಂಡು, ಅಲೆಗಳಾಗಿ ಬಡಿದು, ಅಲ್ಲಲ್ಲಿ ತುಂಡಾಗಿ ಮತ್ತೆ ಕೂಡಿ ಈ ಶಾಖವನ್ನು ಮೇಲಕ್ಕೆ ಒಯ್ಯುತ್ತದೆಯೆಂಬುದರಲ್ಲಿ ವಿಜ್ಞಾನಿಗಳಿಗೆ ಸಂಶಯವಿಲ್ಲ. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಒಳಗೆ ಕುಳಿತ ದಿನ

ಈ ಕಿರೀಟವನ್ನು ಕಾಣುವ ಭಾಗ್ಯ ನಮ್ಮ ನಾಡಿಗೂ ಒದಗಿತ್ತು. 1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ನೆಲವನ್ನು ಹೊಕ್ಕು ಹುಬ್ಬಳ್ಳಿ, ರಾಯಚೂರುಗಳ ಸೀಮೆಯ ಮೇಲೆ ಹಾದುಹೋಯಿತು. ದೂರದೂರದ ವಿಜ್ಞಾನಿಗಳು ದೂರದರ್ಶಕಗಳನ್ನು ಹೊತ್ತು ನಮ್ಮ ಜಿಲ್ಲೆಗಳಿಗೆ ಬಂದರು. ನಾನು ಆಗ ಮಠದ ಪಾಠಶಾಲೆಯ ವಿದ್ಯಾರ್ಥಿ. ನಮ್ಮ ಊರು ನೆರಳಿನ ಹಾದಿಯೊಳಗೇ ಇತ್ತು. ಹಿರಿಯರ ಅಂಜಿಕೆ ಊರನ್ನೆಲ್ಲ ಆವರಿಸಿತ್ತು. ನಾವು ಹತ್ತಾರು ಹುಡುಗರು ಕೋಣೆಯ ಬಾಗಿಲಿಕ್ಕಿ, ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಒಳಗೆ ಕುಳಿತೆವು. ಅಪರಾಹ್ನದ ಹೊತ್ತಿನಲ್ಲಿ ಹಕ್ಕಿಗಳ ಸದ್ದು ಅಡಗಿತು. ಹೆಂಚಿನ ಸಂದಿನಿಂದ ಬೀಳುತ್ತಿದ್ದ ಬಿಸಿಲಿನ ಕೋಲು ಮಾಯವಾಯಿತು. ಮೂರು ನಿಮಿಷವೂ ತುಂಬುವ ಮೊದಲೇ ಮರಳಿ ಬಂದಿತು. ನಾವು ಹೊರಗೆ ಬಂದಾಗ ಎಂದಿನ ಸಂಜೆಯಾಗುತ್ತಿತ್ತು.

ಅಂದು ಪರದೇಶದವರು ಸಾವಿರಾರು ಹರದಾರಿ ದಾಟಿ ನೋಡಲು ಬಂದಿದ್ದುದನ್ನು ನಾನು ಹತ್ತು ಹೆಜ್ಜೆ ಇಡದೆ ಕಳೆದುಕೊಂಡೆನೆಂಬ ಅರಿವು ಬಹು ವರ್ಷಗಳ ಮೇಲೆ ಬಂದಿತು. ನನ್ನ ಜೀವಮಾನದಲ್ಲಿ ಆ ಅವಕಾಶ ನನ್ನೂರಿಗೆ ಮತ್ತೆ ಬರಲಿಲ್ಲ. ತಾಯಿಯವರ ಕಾಗದವನ್ನು ಓದಿದಾಗ ಮೊದಲು ನೆನಪಾದದ್ದು ಆ ಬಟ್ಟೆ ತುರುಕಿದ ಕಿಟಕಿ.

ಹೊಸ್ತಿಲ ಹೊರಗೆ

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದವರು ಜರ್ಮನಿಯಿಂದ ಪಡೆದ ವಿ-2 ರಾಕೆಟ್ಟುಗಳ ಮೂತಿಯಲ್ಲಿ ಸಿಡಿಮದ್ದಿನ ಬದಲು ಉಪಕರಣಗಳನ್ನಿಟ್ಟು ಹಾರಿಸಿದರು. 1946ರ ಅಕ್ಟೋಬರದಲ್ಲಿ ಸೂರ್ಯನ ಅತಿನೇರಿಳೆ ಬೆಳಕಿನ ಚಿತ್ರವು ಮೊದಲ ಸಲ ಗಾಳಿಯ ಮೇಲಿನಿಂದ ದೊರೆಯಿತು. ಊರುಗಳನ್ನು ಸುಡಲು ಹುಟ್ಟಿದ ಯಂತ್ರವು ಹೀಗೆ ಬೆಳಕನ್ನು ಅರಿಯುವ ಕೆಲಸಕ್ಕೆ ಬಂದಿತು. 1973ರಲ್ಲಿ ಸ್ಕೈಲ್ಯಾಬ್ ಎಂಬ ಆಕಾಶನಿಲಯದಲ್ಲಿದ್ದ ಯಾತ್ರಿಗಳು ದೂರದರ್ಶಕಗಳಿಂದ ತಿಂಗಳುಗಟ್ಟಲೆ ಸೂರ್ಯನನ್ನು ಕಂಡರು. ಕಿರೀಟದಿಂದ ದೊಡ್ಡ ದೊಡ್ಡ ದ್ರವ್ಯರಾಶಿಗಳು ಗುಳ್ಳೆಗಳಂತೆ ಉಬ್ಬಿ ಹೊರಕ್ಕೆ ಸಿಡಿಯುವುದು ಆಗ ಮತ್ತೆ ಮತ್ತೆ ಗೋಚರಿಸಿತು.

ಭೂಮಿಯ ಸುತ್ತ ತಿರುಗುವ ಉಪಗ್ರಹಕ್ಕೆ ಸಾಮಾನ್ಯವಾಗಿ ಹಗಲು ರಾತ್ರಿಗಳ ತೊಡಕುಂಟು. ಅದನ್ನು ಪರಿಹರಿಸುವ ಒಂದು ನೆಲೆ ಸೂರ್ಯ ಮತ್ತು ಭೂಮಿಗಳ ನಡುವೆ, ಭೂಮಿಯಿಂದ 15 ಲಕ್ಷ ಕಿಲೋಮೀಟರಿನಲ್ಲಿದೆ. ಇದು ಚಂದ್ರನಿರುವ ದೂರದ ಸುಮಾರು ನಾಲ್ಕು ಪಟ್ಟು. ಸೂರ್ಯನಿಗೆ ಹತ್ತಿರವಿರುವುದು ಬೇಗ ಸುತ್ತುವುದು ನಿಯಮ. ಆದರೆ ಈ ನೆಲೆಯಲ್ಲಿ ಭೂಮಿಯು ಹಿಂದಿನಿಂದ ಎಳೆಯುವುದರಿಂದ ಸೂರ್ಯನ ಸೆಳೆತ ಅಷ್ಟರಮಟ್ಟಿಗೆ ಕಡಿಮೆಯಾಗಿ, ಅಲ್ಲಿರುವ ನೌಕೆಯೂ ಭೂಮಿಯೊಡನೆ ಸರಿಯಾಗಿ ವರ್ಷಕ್ಕೊಂದು ಸುತ್ತು ಬರುತ್ತದೆ. ಮುಂದೆ ಸೂರ್ಯ, ಹಿಂದೆ ಭೂಮಿ, ನಡುವೆ ಎಂದೂ ಮುಳುಗದ ಹಗಲು. ಈ ನೆಲೆಗೆ ಎಲ್1 ಎಂದು ಹೆಸರು.

ಯುರೋಪು ಮತ್ತು ಅಮೆರಿಕಗಳು ಕೂಡಿ 1995ರ ಡಿಸೆಂಬರ್ 2ರಂದು ಹಾರಿಸಿದ ಸೋಹೋ ನೌಕೆಯು ಆ ನೆಲೆಯಲ್ಲಿ ನಿಂತು ಸೂರ್ಯನನ್ನು ಕಾಯತೊಡಗಿತು. 1998ರ ಜೂನ್ ತಿಂಗಳಲ್ಲಿ ನೆಲದಿಂದ ಹೋದ ತಪ್ಪು ಆದೇಶಗಳಿಂದ ಅದು ದಿಕ್ಕುಗೆಟ್ಟು ಉರುಳತೊಡಗಿ ಮೌನವಾಯಿತು. ಅದರ ಇಂಧನವೂ ಹೆಪ್ಪುಗಟ್ಟಿತು. ವಿಜ್ಞಾನಿಗಳು ಆಸೆ ಬಿಡಲಿಲ್ಲ. ಅರೆಸಿಬೋ ಎಂಬಲ್ಲಿದ್ದ ಭಾರಿ ರೇಡಿಯೋ ದರ್ಶಕದಿಂದ ಸಂಕೇತ ಕಳುಹಿ ಅದನ್ನು ಹುಡುಕಿದರು. ಇಂಧನವನ್ನು ಮೆಲ್ಲಮೆಲ್ಲನೆ ಕರಗಿಸಿದರು. ಸೆಪ್ಟೆಂಬರಿನಲ್ಲಿ ಮತ್ತೆ ಸೂರ್ಯನ ಕಡೆಗೆ ತಿರುಗಿಸಿದರು. ಎರಡು ವರ್ಷದ ಆಯುಸ್ಸೆಂದು ಕಳುಹಿದ ಈ ನೌಕೆಯ ಚಿತ್ರಗಳಲ್ಲಿ 2024ರ ಮಾರ್ಚ್ ತಿಂಗಳಲ್ಲಿ 5,000ನೆಯ ಧೂಮಕೇತುವು ಪತ್ತೆಯಾಯಿತು.

ಇನ್ನು ನಮ್ಮ ಆದಿತ್ಯ-ಎಲ್1. ಇದು 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟು 2024ರ ಜನವರಿ 6ರಂದು ತನ್ನ ನೆಲೆಯನ್ನು ಸೇರಿತು. ಏಳು ಉಪಕರಣಗಳಲ್ಲಿ ಪ್ರಮುಖವಾದ ವೆಲ್ಕ್ ಎಂಬ ಕಿರೀಟದರ್ಶಕವನ್ನು ನಿರ್ಮಿಸಿದವರು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು. ಅದು ರೂಪುಗೊಂಡದ್ದು ಹೊಸಕೋಟೆಯ ಬಳಿಯ ಅವರ ಪ್ರಯೋಗಾಲಯದಲ್ಲಿ. ಚಂದ್ರನು ಮಾಡುವ ಕೆಲಸವನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಸೂರ್ಯಬಿಂಬದ ಬೆಳಕನ್ನು ಬೇರ್ಪಡಿಸಿ ಕಿರೀಟವನ್ನಷ್ಟೇ ಉಳಿಸಿಕೊಳ್ಳುತ್ತದೆ. ಅದಕ್ಕೆ ಗ್ರಹಣವೆಂಬುದು ಮೂರು ನಿಮಿಷದ ಅತಿಥಿಯಲ್ಲ, ದಿನದಿನದ ನೋಟ. ಅದು ಗಮನಿಸುವ ಬೆಳಕಿನ ಗೆರೆಗಳಲ್ಲಿ ಒಂದು ಯಾವುದೆಂದು ಬಲ್ಲಿರಾ? 1869ರಲ್ಲಿ ಕಂಡು ಎಪ್ಪತ್ತು ವರ್ಷ ಪಂಡಿತರನ್ನು ಕಾಡಿದ ಅದೇ ಕಬ್ಬಿಣದ ಹಸಿರು ಗೆರೆ.

ಕಾಣದ ಗಾಳಿ

ಇಷ್ಟು ಬೆಳಕಿನ ಮಾತಾಯಿತು. ಸೂರ್ಯನಿಂದ ಬೆಳಕಲ್ಲದೆ ವಸ್ತುವೂ ಹರಿದುಬರುತ್ತದೆ. ಧೂಮಕೇತುವಿನ ಬಾಲವು ಯಾವಾಗಲೂ ಸೂರ್ಯನಿಂದ ಆಚೆಗೆ ಚಾಚುವುದನ್ನು ಬಲ್ಲವರು ಬಹುಕಾಲದಿಂದ ಕಂಡಿದ್ದರು. 1958ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಪಾರ್ಕರ್ ಎಂಬ ತರುಣ ವಿಜ್ಞಾನಿ, ಕಿರೀಟವು ಅಷ್ಟು ಬಿಸಿಯಾಗಿರುವುದರಿಂದ ಸೂರ್ಯನ ಸೆಳೆತವನ್ನು ಮೀರಿ ನಿರಂತರವಾಗಿ ಹೊರಕ್ಕೆ ಬೀಸುತ್ತಿರಲೇಬೇಕೆಂದು ಲೆಕ್ಕಹಾಕಿ ತೋರಿಸಿದರು. ಆ ಲೇಖನವನ್ನು ಪರಿಶೀಲಿಸಿದ ವಿದ್ವಾಂಸರಿಬ್ಬರೂ ಅದನ್ನು ತಿರಸ್ಕರಿಸಬೇಕೆಂದರು. ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಭಾರತೀಯ ಮೂಲದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಿಚಾರ ಹಿಡಿಸಿರಲಿಲ್ಲ. ಆದರೂ ಲೆಕ್ಕದಲ್ಲಿ ತಪ್ಪನ್ನು ಯಾರೂ ತೋರಿಸದಿದ್ದುದರಿಂದ ಅದನ್ನು ಅಚ್ಚುಹಾಕಿಸಿದರು. ತನಗೊಪ್ಪದ ಮಾತಿಗೂ ನ್ಯಾಯ ಸಲ್ಲಿಸುವುದು ವಿದ್ವತ್ತಿನ ದೊಡ್ಡ ಗುಣವಷ್ಟೆ! 1962ರಲ್ಲಿ ಶುಕ್ರನ ಕಡೆಗೆ ಹೊರಟ ಮ್ಯಾರಿನರ್-2 ನೌಕೆಯು ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆದು ಪಾರ್ಕರರ ಮಾತನ್ನು ಸ್ಥಿರಪಡಿಸಿತು.

ಇದಕ್ಕೆ ಸೌರಮಾರುತವೆಂದು ಹೆಸರು. ವಿದ್ಯುತ್ತನ್ನು ಹೊತ್ತ ಕಣಗಳ ಈ ಪ್ರವಾಹವು ಕ್ಷಣಕ್ಕೆ 300ರಿಂದ 800 ಕಿಲೋಮೀಟರು ವೇಗದಲ್ಲಿ ಎಲ್ಲ ಗ್ರಹಗಳನ್ನೂ ದಾಟಿ ಬೀಸುತ್ತದೆ. ಪಾರ್ಕರರ ಹೆಸರನ್ನೇ ಹೊತ್ತ ನೌಕೆಯು 2018ರ ಆಗಸ್ಟ್ 12ರಂದು ಅವರ ಕಣ್ಣೆದುರಿನಲ್ಲಿಯೇ ಹಾರಿತು. 2022ರಲ್ಲಿ ಅವರು ಕಾಲವಾದರು. 2024ರ ಡಿಸೆಂಬರ್ 24ರಂದು ಆ ನೌಕೆಯು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿಲೋಮೀಟರಿನಷ್ಟು ಹತ್ತಿರಕ್ಕೆ, ಕಿರೀಟದ ಒಳಕ್ಕೇ ಹೋಗಿ ಸುರಕ್ಷಿತವಾಗಿ ಹೊರಬಂದಿತು.

ಕಾಂತಶಕ್ತಿಯ ಹೊದಿಕೆ

ಇಂತಹ ಗಾಳಿಯು ಎಡೆಬಿಡದೆ ಬೀಸುತ್ತಿರುವಾಗ ನಮಗೆ ಅದರ ಸುಳಿವೂ ಏಕಿಲ್ಲ? ನಮ್ಮ ಕಾಲ ಕೆಳಗೆ 2,900 ಕಿಲೋಮೀಟರು ಆಳದಲ್ಲಿ ಕರಗಿದ ಕಬ್ಬಿಣದ ಸಾಗರವಿದೆ. ಅದರ ಹೊರಳಾಟದಿಂದ ಭೂಮಿಯು ಒಂದು ದೊಡ್ಡ ಅಯಸ್ಕಾಂತದಂತಾಗಿದೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಆ ಶಕ್ತಿಯೇ ಆಕಾಶದಲ್ಲಿ ಹಬ್ಬಿಕೊಂಡು ಸೌರಮಾರುತವನ್ನು ಪಕ್ಕಕ್ಕೆ ಸರಿಸುತ್ತದೆ. ಹರಿವ ಹೊಳೆಯ ನಡುವಿನ ಬಂಡೆಯನ್ನು ನೆನೆಯಿರಿ. ನೀರು ಎದುರಿಗೆ ಅಪ್ಪಳಿಸಿ ಎರಡು ಬದಿಗೆ ಸೀಳಿಹೋಗುತ್ತದೆ. ಹಿಂದೆ ಉದ್ದವಾದ ಸುಳಿಯ ಬಾಲವುಳಿಯುತ್ತದೆ. ಭೂಮಿಯ ಈ ಕಾಂತಗೋಳವು ಸೂರ್ಯನ ಕಡೆಗೆ ಸುಮಾರು 65,000 ಕಿಲೋಮೀಟರು ಚಾಚಿದೆ. ಹಿಂದಿನ ಬಾಲವು ಚಂದ್ರನನ್ನೂ ದಾಟಿ ಹೋಗಿದೆ.

ಕಣ್ಣಿಗೆ ಕಾಣದ ಈ ಹೊದಿಕೆಯನ್ನು ಹೊರಗೆ ಹೋಗದೆ ಅರಿಯುವಂತಿರಲಿಲ್ಲ. 1958ರ ಜನವರಿ 31ರಂದು ಹಾರಿದ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರಲ್ಲಿ ಜೇಮ್ಸ್ ವ್ಯಾನ್ ಆಲೆನ್ ಎಂಬುವರು ಕಣಗಳನ್ನು ಎಣಿಸುವ ಯಂತ್ರವಿಟ್ಟಿದ್ದರು. ಉಪಗ್ರಹ ಬಹಳ ಎತ್ತರಕ್ಕೇರಿದಾಗ ಯಂತ್ರವು ಎಣಿಕೆಯನ್ನೇ ನಿಲ್ಲಿಸುತ್ತಿತ್ತು. ಅಲ್ಲಿ ಕಣಗಳಿಲ್ಲವೆಂದು ತಿಳಿಯುವುದು ಸಹಜ. ನಿಜಸ್ಥಿತಿ ವಿಪರೀತವಾಗಿತ್ತು: ಎಣಿಸಲಾಗದಷ್ಟು ಕಣಗಳು ಒಮ್ಮೆಲೇ ಬಂದು ಯಂತ್ರದ ಬಾಯಿ ಕಟ್ಟಿದ್ದವು. ಕಾಂತಶಕ್ತಿಯು ಸೆರೆಹಿಡಿದಿಟ್ಟ ಕಣಗಳ ಆ ಬಳೆಗಳಿಗೆ ಈಗ ಅವರದೇ ಹೆಸರಿದೆ.

ಹೊದಿಕೆಯು ಬಲವಾದುದು ನಿಜ, ಆದರೆ ಅಭೇದ್ಯವಲ್ಲ. ಸೂರ್ಯನಿಂದ ಸಿಡಿದ ದ್ರವ್ಯರಾಶಿಯು ನೇರವಾಗಿ ಬಂದು ಅಪ್ಪಳಿಸಿದಾಗ ಅದು ನಡುಗುತ್ತದೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಕಲೆಗಳ ನಕ್ಷೆ ಬರೆಯುತ್ತಿದ್ದಾಗ ಅವುಗಳ ನಡುವೆ ಬೆಳ್ಳನೆಯ ಮಿಂಚೊಂದು ಹೊಳೆದು ಮಾಯವಾಯಿತು. ಒಂದು ಹಗಲಿರುಳು ಕಳೆಯುವುದರೊಳಗೆ ಭೂಮಿಯ ಕಾಂತಶಕ್ತಿ ತಲ್ಲಣಿಸಿತು. ತಂತಿ ಕಚೇರಿಗಳ ಯಂತ್ರಗಳು ಕಿಡಿಕಾರಿದವು. ಧ್ರುವಪ್ರದೇಶಗಳಲ್ಲಿ ಮಾತ್ರ ಕಾಣುವ ಧ್ರುವಪ್ರಭೆಯು ಉಷ್ಣವಲಯದವರೆಗೂ ಇಳಿದುಬಂದಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಅಂದು ಬರೆದಿಟ್ಟ ಕಾಂತಮಾಪನಗಳು, ಆ ಬಿರುಗಾಳಿಯ ತೀವ್ರತೆಯನ್ನು ಅಳೆಯಲು ಇಂದಿನ ವಿಜ್ಞಾನಿಗಳಿಗೆ ಅಮೂಲ್ಯ ಆಧಾರವಾಗಿವೆ. ಹೆಸರಿಲ್ಲದ ಆ ಲಿಪಿಕಾರರ ನಿಷ್ಠೆಯು ಒಂದೂವರೆ ಶತಮಾನದ ಮೇಲೆ ಫಲಕೊಟ್ಟಿತು.

ಅಂದು ಕೆಟ್ಟದ್ದು ತಂತಿಯ ಯಂತ್ರಗಳು ಮಾತ್ರ. ಇಂದು ಕೆಡಬಹುದಾದದ್ದು ಬಹಳ. 1989ರ ಮಾರ್ಚ್ 13ರಂದು ಬಂದ ಕಾಂತಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 60 ಲಕ್ಷ ಜನ ಸುಮಾರು 9 ತಾಸು ವಿದ್ಯುತ್ತಿಲ್ಲದೆ ಕಳೆದರು. 2022ರ ಫೆಬ್ರವರಿಯಲ್ಲಿ ಅಮೆರಿಕದ ಕಂಪನಿಯೊಂದು ಹಾರಿಸಿದ 49 ಉಪಗ್ರಹಗಳಲ್ಲಿ ಸುಮಾರು 40 ನಾಶವಾದವು. ಬಿರುಗಾಳಿಯಿಂದ ಬಿಸಿಯಾಗಿ ಉಬ್ಬಿದ ವಾತಾವರಣವೇ ಅವನ್ನು ಕೆಳಗೆಳೆಯಿತು. 2024ರ ಮೇ 10 ಮತ್ತು 11ರಂದು ಎರಡು ದಶಕಗಳಲ್ಲಿಯೇ ಪ್ರಬಲವಾದ ಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ವೀಕ್ಷಣಾಲಯದ ಕ್ಯಾಮರಾಗಳು ಕೆಂಪಾದ ಆಕಾಶವನ್ನು ಸೆರೆಹಿಡಿದವು. ಎಲ್1 ನೆಲೆಯಲ್ಲಿದ್ದ ಆದಿತ್ಯನೂ ಆ ಪ್ರವಾಹವನ್ನು ಅಳೆಯಿತು. ಎಲ್1 ನೆಲೆಯ ಇನ್ನೊಂದು ಪ್ರಯೋಜನ ಇದೇ. ಅಲ್ಲಿಯ ನೌಕೆಯನ್ನು ಮುಟ್ಟಿದ ಮಾರುತವು ಭೂಮಿಯನ್ನು ತಲಪಲು ಸುಮಾರು ಒಂದು ತಾಸು ಬೇಕು. ಪ್ರಚಂಡವಾದುದಕ್ಕೆ ಅರ್ಧ ತಾಸೂ ಹಿಡಿಯದು. ಊರ ಹೊರಗಿನ ಕಾವಲುಗಾರನ ಕೂಗಿನಂತೆ ಆ ಅಲ್ಪಾವಕಾಶವೂ ವಿದ್ಯುತ್ ಜಾಲವನ್ನೂ ಉಪಗ್ರಹಗಳನ್ನೂ ಕಾಯುವವರಿಗೆ ಉಪಯುಕ್ತ.

ನೆರೆಹೊರೆಯ ಮನೆಗಳು

ನಮ್ಮ ಹೊದಿಕೆಯ ಬೆಲೆ ನೆರೆಹೊರೆಯನ್ನು ಕಂಡಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1974ರಲ್ಲಿ ಮ್ಯಾರಿನರ್-10 ನೌಕೆಯು ಬುಧಗ್ರಹಕ್ಕೂ ಕಾಂತಶಕ್ತಿಯಿರುವುದನ್ನು ಕಂಡಿತು. ಆದರೆ ಅದು ಭೂಮಿಯದರ ನೂರನೆಯ ಒಂದು ಪಾಲಿನಷ್ಟು. ಗುರುಗ್ರಹದ್ದು ಅದಕ್ಕೆ ತದ್ವಿರುದ್ಧ. ಅದರ ಕಾಂತಗೋಳವು ನಮ್ಮ ಕಣ್ಣಿಗೆ ಕಾಣುವಂತಿದ್ದರೆ, ಅಷ್ಟು ದೂರದಲ್ಲಿದ್ದರೂ ಹುಣ್ಣಿಮೆಯ ಚಂದ್ರನಿಗಿಂತ ದೊಡ್ಡದಾಗಿ ತೋರುತ್ತಿತ್ತು. ಅದರ ಅಯೋ ಎಂಬ ಉಪಗ್ರಹದಲ್ಲಿ ಬೆಂಕಿಯುಗುಳುವ ಪರ್ವತಗಳಿವೆಯೆಂದು 1979ರಲ್ಲಿ ವಾಯೇಜರ್-1 ತೋರಿಸಿತು. ಅವುಗಳಿಂದ ಕ್ಷಣಕ್ಕೆ ಸುಮಾರು ಒಂದು ಟನ್ ದ್ರವ್ಯವು ಆ ಕಾಂತಗೋಳಕ್ಕೆ ಸೇರುತ್ತಲೇ ಇರುತ್ತದೆ.

ಯುರೇನಸ್ ಗ್ರಹದ ಕಥೆಯಲ್ಲಿ ನಮಗೆಲ್ಲ ಒಂದು ಪಾಠವಿದೆ. ವಾಯೇಜರ್-2 ನೌಕೆಯು 1986ರ ಜನವರಿಯಲ್ಲಿ ಒಂದೇ ಸಲ ಅದರ ಬಳಿ ಹಾದುಹೋಯಿತು. ಅದರ ಕಾಂತಾಕ್ಷವು ತಿರುಗುವ ಅಕ್ಷದಿಂದ 59 ಡಿಗ್ರಿ ವಾಲಿತ್ತು. ಕಾಂತಗೋಳವೂ ವಿಚಿತ್ರವಾಗಿ ತೋರಿತು. ಮೂವತ್ತೆಂಟು ವರ್ಷಗಳ ನಂತರ, 2024ರಲ್ಲಿ, ಹಳೆಯ ಲೆಕ್ಕಗಳನ್ನು ಮತ್ತೆ ತೆಗೆದು ನೋಡಿದ ವಿಜ್ಞಾನಿಗಳು, ನೌಕೆ ತಲಪುವ ಮುನ್ನ ಪ್ರಬಲವಾದ ಸೌರಮಾರುತ ಬೀಸಿ ಆ ಕಾಂತಗೋಳವನ್ನು ಅದುಮಿತ್ತೆಂದು ಕಂಡುಕೊಂಡರು. ಬಿರುಗಾಳಿಯ ದಿನ ಒಮ್ಮೆ ಇಣುಕಿ, ಆ ಮನೆ ಯಾವಾಗಲೂ ಹಾಗೆಯೇ ಎಂದು ನಿರ್ಣಯಿಸಿದಂತಾಗಿತ್ತು.

ಮಂಗಳನದು ಮನಕಲಕುವ ಕಥೆ. ಅಲ್ಲಿ ಒಂದು ಕಾಲಕ್ಕೆ ನೀರು ಹರಿದ ಗುರುತುಗಳಿವೆ. ಇಡೀ ಗ್ರಹವನ್ನು ಆವರಿಸಿದ್ದ ಕಾಂತಶಕ್ತಿಯು ಸುಮಾರು ನಾನೂರು ಕೋಟಿ ವರ್ಷಗಳ ಹಿಂದೆಯೇ ಆರಿಹೋಯಿತು. ಬಂಡೆಗಳಲ್ಲಿ ಅದರ ಕುರುಹು ಮಾತ್ರ ಉಳಿದಿದೆ. ನಮ್ಮ ಮಂಗಳಯಾನವು ಅಲ್ಲಿಗೆ ಸೇರುವ ಎರಡು ಮೂರು ದಿನ ಮೊದಲು, 2014ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಮೇವನ್ ನೌಕೆಯು ಮಂಗಳವನ್ನು ತಲಪಿತು. ಸೌರಮಾರುತವು ಆ ಗ್ರಹದ ಗಾಳಿಯನ್ನು ಕ್ಷಣಕ್ಕೆ ಸುಮಾರು 100 ಗ್ರಾಮಿನಂತೆ ಒಯ್ಯುತ್ತಿದೆಯೆಂದು ಅದು ಅಳೆಯಿತು. ಒಂದು ಬೊಗಸೆ ಅಕ್ಕಿಯ ತೂಕ. ಆದರೆ ಕೋಟಿ ಕೋಟಿ ವರ್ಷ ಒಯ್ದರೆ ಕಣಜವೇ ಬರಿದಾಗುತ್ತದೆ. ಇಲ್ಲಿ ಆತುರದ ನಿರ್ಣಯವೂ ಸಲ್ಲದು. ಶುಕ್ರನಿಗೆ ಸ್ವಂತ ಕಾಂತಶಕ್ತಿಯಿಲ್ಲ. ಆದರೂ ಅದರ ವಾತಾವರಣದ ಒತ್ತಡ ನಮ್ಮದರ ತೊಂಬತ್ತು ಪಟ್ಟಿಗೂ ಹೆಚ್ಚು. ಗ್ರಹದ ಗಾತ್ರ, ಸೆಳೆತ, ಗಾಳಿಯ ಗುಣ ಎಲ್ಲವೂ ಸೇರಿಯೇ ಒಂದು ಲೋಕದ ಹಣೆಬರಹವಾಗುತ್ತದೆ.

ದೂರದ ನಕ್ಷತ್ರಗಳೂ ಸೂರ್ಯರೇ. 1978ರಲ್ಲಿ ಹಾರಿದ ಐನ್‌ಸ್ಟೈನ್ ಎಂಬ ವೀಕ್ಷಣಾಲಯವು ಹಲವು ಬಗೆಯ ನಕ್ಷತ್ರಗಳು ಕ್ಷ-ಕಿರಣ ಸೂಸುವ ಕಿರೀಟಗಳನ್ನು ಧರಿಸಿರುವುದನ್ನು ತೋರಿತು. 2009ರಲ್ಲಿ ಹೊರಟ ಕೆಪ್ಲರ್ ದೂರದರ್ಶಕದ ಮಾಹಿತಿಯಲ್ಲಿ ಜಪಾನಿನ ವಿಜ್ಞಾನಿಗಳು, ಸೂರ್ಯನನ್ನು ಹೋಲುವ ಕೆಲವು ನಕ್ಷತ್ರಗಳಲ್ಲಿ 1859ರದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಜ್ವಾಲೆಗಳನ್ನು ಗುರುತಿಸಿ 2012ರಲ್ಲಿ ಪ್ರಕಟಿಸಿದರು. ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಕೂಡ ಆಗಾಗ್ಗೆ ಭುಗಿಲೇಳುವ ಸ್ವಭಾವದ್ದು. ಅದನ್ನು ಸುತ್ತುವ ಗ್ರಹವೊಂದು 2016ರಲ್ಲಿ ಪತ್ತೆಯಾಯಿತು. ಅದರ ಮೇಲೆ ಗಾಳಿ ಉಳಿದಿರಬಹುದೇ ಎಂಬ ಪ್ರಶ್ನೆಗೆ ಮಂಗಳನ ಪಾಠವೂ ಭೂಮಿಯ ಪಾಠವೂ ಬೇಕಾಗುತ್ತವೆ.

ತಾಯಿಯವರೇ, ತಮ್ಮ ಪ್ರಶ್ನೆಗೆ ಉತ್ತರವಿದು. ಅಂಗಳಕ್ಕೆ ಬರುವ ಬಿಸಿಲು ಎರಡು ಹೊದಿಕೆಗಳಲ್ಲಿ ಸೋಸಿಬಂದ ಬಿಸಿಲು. ಆದುದರಿಂದಲೇ ಅದು ನಮಗೆ ಹಿತ. ಹಪ್ಪಳ ಒಣಗಿಸುವ, ಕೂಸನ್ನು ಮೈಕಾಯಿಸುವ ಆ ಎಳೆಬಿಸಿಲಿನ ಹಿಂದೆ ಎಷ್ಟು ಕಾವಲಿದೆಯೆಂಬುದು ಹೊರಗೆ ಹೋಗಿ ನೋಡಿದ್ದರಿಂದ ತಿಳಿಯಿತು. ಈ ಕಾವಲನ್ನು ನಾವು ಕಟ್ಟಿದವರಲ್ಲ, ಅದರೊಳಗೆ ಹುಟ್ಟಿದವರು. ಅರಿತು ಬಾಳುವುದಷ್ಟೇ ನಮಗೆ ಉಳಿದ ಕರ್ತವ್ಯ.

ತಮ್ಮಲ್ಲಿ ನನ್ನದೊಂದು ಬಿನ್ನಹವುಂಟು. 2027ರ ಆಗಸ್ಟ್ 2ರಂದು ಸೂರ್ಯಗ್ರಹಣವಿದೆ. ಪೂರ್ಣಗ್ರಹಣವು ಕಾಣುವುದು ಸ್ಪೇನ್, ಈಜಿಪ್ಟ್, ಅರಬ ದೇಶಗಳ ಕಡೆಗೆ. ನಮ್ಮ ನಾಡಿನಲ್ಲಿ ಮೋಡ ಎಡೆಕೊಟ್ಟರೆ ಸಂಜೆಯ ಸುಮಾರಿಗೆ ಸೂರ್ಯನ ಒಂದು ಭಾಗ ಮರೆಯಾಗುವುದನ್ನು ಕಾಣಬಹುದು. ಅಂದು ಬಾಗಿಲಿಕ್ಕಬೇಡಿರಿ. ಬರಿಗಣ್ಣಿನಿಂದ ಮಾತ್ರ ಯಾರೂ ನೋಡಕೂಡದು. ಬಣ್ಣದ ಗಾಜು, ಹಳೆಯ ಕ್ಷ-ಕಿರಣ ಚಿತ್ರಗಳೂ ಕಣ್ಣಿಗೆ ಅಪಾಯಕಾರಿ. ರಟ್ಟಿನ ತುಂಡಿಗೆ ಸೂಜಿಯಿಂದ ಒಂದು ತೂತು ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು, ಆ ತೂತಿನಿಂದ ಬರುವ ಬೆಳಕನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿರಿ. ಅಂಚು ತಿಂದ ಪುಟ್ಟ ಸೂರ್ಯನು ಹಾಳೆಯ ಮೇಲೆ ಮೂಡುತ್ತಾನೆ. ಮೊಮ್ಮಗಳ ಕೈಹಿಡಿದು ತಾವೂ ಅಂಗಳದಲ್ಲಿ ನಿಂತು ನೋಡಿರಿ. ನಾನು ಒಳಗೆ ಕುಳಿತು ಕಳೆದುಕೊಂಡದ್ದರಲ್ಲಿ ಅಷ್ಟಾದರೂ ಆ ಮಗುವಿಗೆ ದೊರೆಯಲಿ.